ಗಡಿನಾಡಿನ ಹರಕೆಯಾಟ

ಹುಟ್ಟುಹಬ್ಬಕ್ಕೋ ಮದುವೆಯ ವಾರ್ಷಿಕೋತ್ಸವಕ್ಕೋ ನಾಟಕದ ಟಿಕೇಟುಗಳನ್ನು ಕೊಂಡು, ಲಕೋಟೆಯಲ್ಲಿಟ್ಟು, ಸ್ನೇಹಿತರಿಗೆ ಉಡುಗೊರೆಯಾಗಿ ಕೊಡುವ ವಾಡಿಕೆ ಈಗ ನಗರಗಳಲ್ಲಿ ಬಂದಿದೆಯೆಂದು ಕೇಳುತ್ತೇವೆ. ಒಳ್ಳೆಯ ವಾಡಿಕೆಯೇ. ಕೊಟ್ಟ ಸೀರೆ ಹರಿಯುತ್ತದೆ, ಕೊಟ್ಟ ಪಾತ್ರೆ ನೆಗ್ಗುತ್ತದೆ. ಕಂಡ ಆಟ ಹಾಗಲ್ಲ. ಆದರೂ ಕಾಸರಗೋಡು ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಈ ಮಾತನ್ನು ಕೇಳಿದಾಗ ಒಂದು ಸಣ್ಣ ನಗೆ ಬಾರದಿರದು. ನಮ್ಮ ಹಿರಿಯರು ಒಬ್ಬಿಬ್ಬರಿಗೆ ಟಿಕೇಟು ಕೊಟ್ಟವರಲ್ಲ. ಇಡೀ ಮೇಳವನ್ನೇ ಬರಮಾಡಿಕೊಂಡು, ಇಡೀ ರಾತ್ರಿಯ ಆಟವನ್ನು, ಇಡೀ ಊರಿಗೆ ಕೊಟ್ಟವರು.

ಯಕ್ಷಗಾನದ ಚರಿತ್ರೆಯನ್ನು ಬರೆದ ವಿದ್ವಾಂಸರು ಕವಿಗಳನ್ನು ಕುರಿತು ಬಹಳ ಚರ್ಚಿಸಿದ್ದಾರೆ; ಭಾಗವತರನ್ನೂ ವೇಷಧಾರಿಗಳನ್ನೂ ಸ್ಮರಿಸಿದ್ದಾರೆ. ಆಟವನ್ನು ಆಡಿಸಿದ ಗೃಹಸ್ಥನ ವಿಷಯದಲ್ಲಿ ಅವರ ಲೇಖನಿ ಅಷ್ಟಾಗಿ ಓಡಿಲ್ಲ. ನಮ್ಮ ಆಡುಮಾತಿನಲ್ಲಿ ಮಾತ್ರ ಅವನಿಗೊಂದು ಕ್ರಿಯಾಪದವೇ ಮೀಸಲಾಗಿದೆ. ಕಲಾವಿದರು ಆಟ ಆಡುತ್ತಾರೆ, ಊರವರು ಆಟ ನೋಡುತ್ತಾರೆ, ಅವನು ಆಟ 'ಆಡಿಸುತ್ತಾನೆ'. ಈ ಪ್ರೇರಣಾರ್ಥಕ ಪ್ರತ್ಯಯವೊಂದರ ಚರಿತ್ರೆಯನ್ನು ಹೇಳುವುದೇ ನಮ್ಮ ಉದ್ದೇಶ.

ಕುಂಬಳೆಯ ಪಾರ್ತಿಸುಬ್ಬನನ್ನು ತೆಂಕುತಿಟ್ಟಿನ ಪಿತಾಮಹನೆಂದು ನಾವು ಗೌರವಿಸುತ್ತೇವೆ. ರಾಮಾಯಣದ ಕಥಾಪ್ರಸಂಗಗಳು ಅವನವೇ ಅಥವಾ ಬ್ರಹ್ಮಾವರದ ಕಡೆಯ ಇನ್ನೊಬ್ಬ ಸುಬ್ಬನವೇ ಎಂಬ ವಿಷಯದಲ್ಲಿ ಮುಳಿಯ ತಿಮ್ಮಪ್ಪಯ್ಯನವರ ಪಕ್ಷವೊಂದು, ಶಿವರಾಮ ಕಾರಂತರ ಪಕ್ಷವೊಂದು. ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಆ ವಾದದ ಕಣಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ; ಕುಂಬಳೆಯ ಮಣ್ಣಿನವರಾದ ನಮ್ಮ ತೀರ್ಪು ಯಾವ ಕಡೆಗೆ ವಾಲೀತೆಂಬುದು ವಾಚಕರಿಗೆ ತಿಳಿದೇ ಇದೆ. ಪ್ರಸಂಗವನ್ನು ಬರೆದವರು ಯಾರೇ ಆಗಲಿ, ಅದು ರಂಗಸ್ಥಳವನ್ನು ಏರಬೇಕಾದರೆ ಯಾರಾದರೊಬ್ಬರು ಎಣ್ಣೆಗೆ, ಅಕ್ಕಿಗೆ, ವೀಳ್ಯಕ್ಕೆ ಹೊಣೆಯಾಗಲೇಬೇಕಾಗಿತ್ತು. ದೇವಸ್ಥಾನಗಳು ಮೇಳಗಳನ್ನು ಕಟ್ಟಿ ಹೊರಡಿಸಿದವು. ನಮ್ಮ ಕೂಡ್ಲು ಮೇಳ ಹಾಗೆ ಬೆಳೆದದ್ದು. ಗಡಿಯಾಚೆಯ ಕಟೀಲು, ಧರ್ಮಸ್ಥಳದ ಮೇಳಗಳೂ ಹಾಗೆಯೇ. ಆದರೆ ದೇವರ ಹೆಸರಿನಲ್ಲಿ ಹೊರಟ ಮೇಳಕ್ಕೆ ದಿನದಿನದ ಆಶ್ರಯವನ್ನು ಕೊಟ್ಟವರು ಹರಕೆ ಹೊತ್ತ ಸಂಸಾರಸ್ಥರು.

ಮಕ್ಕಳಾಗದವರು, ಮಗುವಿನ ಕಾಯಿಲೆಯಿಂದ ಕಂಗೆಟ್ಟವರು, ಕೋರ್ಟಿನ ವ್ಯಾಜ್ಯದಲ್ಲಿ ಬಿದ್ದವರು, 'ಇದೊಂದು ದಾಟಿದರೆ ಒಂದು ಆಟ ಆಡಿಸುತ್ತೇವೆ' ಎಂದು ದೇವಿಗೆ ಹೇಳಿಕೊಂಡರು. ಯೋಚಿಸಿ ನೋಡಿದರೆ ಇದು ವಿಚಿತ್ರವಾದ ಹರಕೆ. ಚಿನ್ನದ ತೊಟ್ಟಿಲನ್ನು ಒಪ್ಪಿಸಿದರೆ ಅದು ದೇವರ ಭಂಡಾರಕ್ಕೆ ಸೇರುತ್ತದೆ. ಆಟದ ಹರಕೆಯಲ್ಲಿ ಹೆಸರು ಮಾತ್ರ ದೇವರದು, ಭೋಗವೆಲ್ಲ ಊರಿನದು. ಒಬ್ಬನ ಸಂಕಟ ಕಳೆದುದಕ್ಕೆ ಸಾವಿರ ಮಂದಿ ರಾತ್ರಿಯಿಡೀ ಕುಳಿತು ಸಂತೋಷಪಡುತ್ತಾರೆ. ಒಬ್ಬನ ಶಕ್ತಿ ಸಾಲದಾದಾಗ ಗ್ರಾಮದವರೆಲ್ಲ ಕೈಗೂಡಿಸಿ ಆಡಿಸುವುದುಂಟು. ಅದಕ್ಕೆ 'ಹತ್ತು ಸಮಸ್ತರ ಆಟ'ವೆಂದು ಹೆಸರು. ವರ್ಷವರ್ಷವೂ ತಪ್ಪದೆ ನಡೆಸುವುದು 'ಕಾಯಂ ಆಟ'.

ದೇವರ ಮುಂದೆ ಆಟವನ್ನು ಕಾಣಿಕೆಯಾಗಿಡುವುದು ನಮ್ಮ ಸೀಮೆಗೆ ಮಾತ್ರ ಸೇರಿದ ಪದ್ಧತಿಯಲ್ಲ. ನಾವೀಗ ಸೇರಿರುವ ಕೇರಳದಲ್ಲಿಯೇ, ಗುರುವಾಯೂರಿನಲ್ಲಿ, ಹದಿನೇಳನೆಯ ಶತಮಾನದಲ್ಲಿ ಕಲ್ಲಿಕೋಟೆಯ ಸಾಮೂದಿರಿ ಮಾನವೇದನು ರಚಿಸಿದ ಕೃಷ್ಣನಾಟ್ಟವನ್ನು ಭಕ್ತರು ಇಂದಿಗೂ ಹರಕೆಯಾಗಿ ಆಡಿಸುತ್ತಾರೆ. ಸಂತಾನಕ್ಕೆ ಅವತಾರದ ಕಥೆ, ವಿವಾಹಕ್ಕೆ ಸ್ವಯಂವರದ ಕಥೆ. ಆದರೆ ಅಲ್ಲಿ ಭಕ್ತನು ಗುಡಿಯ ಬಳಿಗೆ ಹೋಗಬೇಕು. ನಮ್ಮಲ್ಲಿ ಮೇಳವೇ ಪೆಟ್ಟಿಗೆಗಳನ್ನು ಹೊತ್ತು ಹರಕೆಯವನ ಅಂಗಳಕ್ಕೆ, ಕೊಯಿಲಾದ ಗದ್ದೆಗೆ ಬರುತ್ತದೆ. ದೀಪಾವಳಿಯ ಅನಂತರ ಹೊರಟ ತಿರುಗಾಟ ಮೇ ತಿಂಗಳ ಪತ್ತನಾಜೆಯವರೆಗೆ ನಿಲ್ಲುವುದಿಲ್ಲ.

ಹರಕೆಯಾಟದ ಮನೆಯನ್ನು ನೋಡದವರಿಗೆ ಅದರ ಸಂಭ್ರಮವನ್ನು ವರ್ಣಿಸುವುದು ಕಷ್ಟ. ತಿಂಗಳ ಮೊದಲೇ ಆಮಂತ್ರಣದ ಪತ್ರಿಕೆ ಅಚ್ಚಾಗುತ್ತದೆ. ಇಂಥ ಮೇಳದವರಿಂದ, ಇಂಥ ದಿನ, ಇಂಥ ಪ್ರಸಂಗವನ್ನು ಆಡಿ ತೋರಿಸುವರು, ಬಂಧುಮಿತ್ರರೊಡನೆ ಚಿತ್ತೈಸಬೇಕು ಎಂಬ ಒಕ್ಕಣೆ. ಬೆಲೆಯ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಪತ್ರಿಕೆ ಮುಟ್ಟದವರಿಗಾಗಿ ಸಂಜೆ ಚೆಂಡೆ ಮದ್ದಳೆಗಳಿಂದ ಕೇಳಿ ಹೊಡೆಯುತ್ತಾರೆ. ಗುಡ್ಡದಾಚೆಯ ಕೂಲಿಯವನಿಗೂ ಅದು ಆಮಂತ್ರಣವೇ. ಚೌಕಿಯಲ್ಲಿ ಗಣಪತಿಗೆ ಪೂಜೆಯಾಗುತ್ತದೆ, ಬಂದವರಿಗೆಲ್ಲ ಊಟ. ಆಮೇಲೆ ಬಾಲಗೋಪಾಲ, ಸ್ತ್ರೀವೇಷ ಮೊದಲಾದ ಪೂರ್ವರಂಗ, ಆಮೇಲೆ ಪ್ರಸಂಗ. ದೇವೀಮಹಾತ್ಮೆಯಾದರೆ ನಡುರಾತ್ರಿಯಲ್ಲಿ ಮಹಿಷಾಸುರನು ಜನರ ಹಿಂದಿನಿಂದ ಬೆಂಕಿಯ ನಡುವೆ ಅಬ್ಬರಿಸುತ್ತ ಬರುತ್ತಾನೆ. ತಾಯಂದಿರ ಮಡಿಲಲ್ಲಿ ನಿದ್ದೆಹೋಗಿದ್ದ ಮಕ್ಕಳೆಲ್ಲ ಎದ್ದು ಚೀರುತ್ತಾರೆ.

ನಮ್ಮ ಬಾಲ್ಯದಲ್ಲಿ ನೆರೆಮನೆಯ ಅಜ್ಜನೊಬ್ಬರು ಆಟ ಆಡಿಸಿದ್ದು ನಮಗೆ ಚೆನ್ನಾಗಿ ನೆನಪಿದೆ. ಮಗಳ ಕಾಯಿಲೆಗೆ ಹೊತ್ತ ಹರಕೆ. ಹಣ ಕೂಡಿಸಲು ಅವರಿಗೆ ಹಲವು ವರ್ಷ ಹಿಡಿದಿತ್ತು. ಆ ರಾತ್ರಿ ಅವರು ಒಂದು ಗಳಿಗೆಯೂ ಕುಳಿತವರಲ್ಲ. ಊಟದ ಪಂಕ್ತಿಯಲ್ಲಿ ಸಾರು ಸಾಲದಾಯಿತೇ, ಹೆಂಗಸರು ಕುಳಿತ ಕಡೆ ಚಾಪೆಯಿದೆಯೇ, ಚೌಕಿಗೆ ಕಾಫಿ ಹೋಯಿತೇ ಎಂದು ಅಲೆಯುತ್ತಲೇ ಬೆಳಗಾಯಿತು. ಮಂಗಳವಾದ ಮೇಲೆ ದೇವಿಯ ಪ್ರಸಾದವನ್ನು ಬೊಗಸೆಯೊಡ್ಡಿ ಸ್ವೀಕರಿಸಿ, ನಮ್ಮ ತಂದೆಯವರೊಡನೆ, 'ಅಣ್ಣಾ, ಆಟ ಹೇಗಾಯಿತು? ನನಗೆ ನೋಡಲು ಆಗಲಿಲ್ಲ' ಎಂದು ಕೇಳಿದರು. ಆಡಿಸಿದವನಿಗೆ ಆಟ ಕಾಣುವುದಿಲ್ಲವೆಂಬ ಸಂಗತಿ ನಮಗೆ ಅಂದೇ ತಿಳಿದದ್ದು.

ಈ ಪದ್ಧತಿಗೆ ಎದುರಾಗಿ ಇನ್ನೊಂದು ಬಂದಿತು. ಇಪ್ಪತ್ತನೆಯ ಶತಮಾನದ ನಡುವಣ ದಶಕಗಳಲ್ಲಿ ಡೇರೆ ಮೇಳಗಳು ತಲೆಯೆತ್ತಿದವು. ಬಯಲಿಗೆ ಬೇಲಿ ಬಿತ್ತು, ಬಾಗಿಲಲ್ಲಿ ಟಿಕೇಟಿನವನು ನಿಂತ, ಕುರ್ಚಿಗೊಂದು ದರ, ನೆಲಕ್ಕೊಂದು ದರ. ಡೇರೆಯನ್ನು ಹಳಿಯುವುದು ನ್ಯಾಯವಲ್ಲ. ಕಲಾವಿದನಿಗೆ ಹೆಸರೂ ಸಂಬಳವೂ ಬೆಳೆದದ್ದು ಅಲ್ಲಿ. ತುಳು ಪ್ರಸಂಗಗಳಿಗೆ ಇಂಬು ದೊರೆತದ್ದೂ ಹೆಚ್ಚಾಗಿ ಅಲ್ಲಿಯೇ. ಆದರೆ ಕಾಸಿಲ್ಲದವನು ಡೇರೆಯ ಹೊರಗೆ ನಿಂತು ಚೆಂಡೆಯ ಸದ್ದನ್ನಷ್ಟೇ ಕೇಳಬೇಕಾಯಿತು. ಹರಕೆಯಾಟ ಹಳೆಯ ಕಾಲದ್ದು, ಇನ್ನು ಅಳಿಯುತ್ತದೆ ಎಂದು ತಿಳಿದವರು ಆಗ ಇದ್ದರಂತೆ. ನಡೆದದ್ದು ಬೇರೆ. ಶತಮಾನದ ಕೊನೆಗೆ ತೆಂಕಿನ ಡೇರೆಗಳು ಬಹುಮಟ್ಟಿಗೆ ಮಡಚಿಕೊಂಡವು. ಸಿನಿಮಾದ, ದೂರದರ್ಶನದ ಎದುರಿಗೆ ಟಿಕೇಟಿನ ಆಟ ನಿಲ್ಲಲಾರದಾಯಿತು. ಹರಕೆಯ ಆಟ ನಿಂತಿತು. ಕಟೀಲಿನಲ್ಲಿ ಒಂದಿದ್ದ ಮೇಳ ಆರಕ್ಕೆ ಏರಿದ ಮೇಲೂ ಸೇವೆಯಾಟ ಬರೆಸಿದವರು ವರ್ಷಗಟ್ಟಲೆ ಸರದಿ ಕಾಯಬೇಕಾಯಿತು. ಕೊಳ್ಳುವವನನ್ನು ನಂಬಿದ ಆಟಕ್ಕಿಂತ ಕೊಡುವವನನ್ನು ನಂಬಿದ ಆಟ ಗಟ್ಟಿಯಾಯಿತೆಂಬುದನ್ನು ಅರ್ಥಶಾಸ್ತ್ರದ ಪಂಡಿತರು ಹೇಗೆ ವಿವರಿಸುವರೋ ನಾವರಿಯೆವು.

ಗಡಿನಾಡಿನವರಾದ ನಮಗೆ ಇದರಲ್ಲಿ ಇನ್ನೊಂದು ವಿಷಯವಿದೆ. ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡ ರಾಜ್ಯಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ, ಅದು ಕಾಗದದಲ್ಲಿಯೇ ಉಳಿದದ್ದೂ, 1984ರಲ್ಲಿ ಕಾಸರಗೋಡು ಕೇರಳದ ಒಂದು ಜಿಲ್ಲೆಯಾದದ್ದೂ ಎಲ್ಲರಿಗೂ ತಿಳಿದ ಕಥೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಪದ್ಧತಿ ರದ್ದಾಯಿತು. ಉಳುವವನಿಗೆ ಭೂಮಿ ಬಂದದ್ದು ನ್ಯಾಯವೇ. ಆದರೆ ಗೇಣಿಯ ಅಕ್ಕಿಯಿಂದ ಆಟ ಆಡಿಸುತ್ತಿದ್ದ ದೊಡ್ಡ ಮನೆಗಳ ಕಣಜ ಬರಿದಾಯಿತು. ಹೀಗೆ ಸರಕಾರವೂ ಬದಲಾಯಿತು, ಕೊಡುವವನ ಕೈಯೂ ಬದಲಾಯಿತು. ಆಟ ಮಾತ್ರ ನಿಲ್ಲಲಿಲ್ಲ. ಒಂದು ಮನೆ ಕೊಡುತ್ತಿದ್ದುದನ್ನು ಹತ್ತು ಸಮಸ್ತರು ಕೊಟ್ಟರು. ಒಕ್ಕಲಾಗಿದ್ದವನೇ ತನ್ನ ಸ್ವಂತ ಗದ್ದೆಯಲ್ಲಿ ರಂಗಸ್ಥಳ ಹಾಕಿಸಿದ. ಮುಂಬಯಿಯಿಂದಲೂ ಕೊಲ್ಲಿಯ ದೇಶಗಳಿಂದಲೂ ಮಕ್ಕಳು ಕಳುಹಿಸಿದ ಹಣದಿಂದ ತಾಯಂದಿರು ಹರಕೆ ತೀರಿಸಿದರು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರನ್ನು ದೇಶ 1973ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಅರಿತಿದೆ. 2020ರಲ್ಲಿ ಬ್ರಹ್ಮೈಕ್ಯರಾದ ಆ ಯತಿಗಳು ಸ್ವತಃ ಜಾಗಟೆ ಹಿಡಿದು ಭಾಗವತಿಕೆ ಮಾಡಿದವರು, ಮಠದ ಅಂಗಳವನ್ನು ಯಕ್ಷಗಾನಕ್ಕೆ ತೆರೆದಿಟ್ಟವರು ಎಂಬುದನ್ನು ನಮ್ಮ ಸೀಮೆಯವರಲ್ಲದವರು ಹೆಚ್ಚಾಗಿ ಅರಿಯರು.

ಆಟ ಆಡಿಸುವ ಮನೆಯ ಮಾತು ತುಳುವಾಗಿರಬಹುದು, ಮಲಯಾಳವಾಗಿರಬಹುದು, ಕೊಂಕಣಿಯೋ ಮರಾಠಿಯೋ ಆಗಿರಬಹುದು. ರಂಗಸ್ಥಳದ ಮಾತು ಮಾತ್ರ ಕನ್ನಡ. ಅದೂ ಇಂಗ್ಲಿಷಿನ ಒಂದು ಪದ ನುಸುಳಿದರೂ ಸಭೆ ನಗುವಂಥ ಅಚ್ಚ ಕನ್ನಡ. ಬರೆದುಕೊಟ್ಟ ಮಾತನ್ನು ಒಪ್ಪಿಸುವ ನಾಟಕವಲ್ಲ ಇದು. ಅರ್ಥಧಾರಿಯು ಪದ್ಯದ ಬೆನ್ನಿಗೆ ಆ ಗಳಿಗೆಯಲ್ಲಿ ಹೊಸೆಯುವ ವಾಕ್ಯ. 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಕೇಳಿದ ಅನಕ್ಷರಸ್ಥನಿಗೂ ಸಂಧಿ ಸಮಾಸಗಳ ಭಯವಿರಲಿಲ್ಲ. ನಾವು ತರಗತಿಯಲ್ಲಿ ಹಳಗನ್ನಡದ ಪಾಠವನ್ನು ಮಾಡುವಾಗ ಇದನ್ನು ಪ್ರತ್ಯಕ್ಷವಾಗಿ ಕಾಣುತ್ತೇವೆ. 'ಎಲವೋ', 'ಕೇಳಿದೆಯಾ', 'ಭಳಿರೆ' ಎಂಬಲ್ಲಿ ಕಣ್ಣರಳಿಸುವ ಹುಡುಗ ಆಟ ನೋಡುವ ಮನೆಯವನೆಂದು ಕೇಳದೆಯೇ ಹೇಳಬಹುದು. ಕನ್ನಡವರಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಮಕ್ಕಳ ಮುಂದೆ ನಿಲ್ಲಿಸಿದ ಪ್ರಸಂಗಗಳನ್ನು ನಾವು ಕಂಡಿದ್ದೇವೆ. ಆ ಮಕ್ಕಳು ಹಗಲು ಕಳೆದುಕೊಂಡುದರಲ್ಲಿ ಒಂದು ಪಾಲನ್ನು ಯಾರೋ ಹರಕೆ ಹೊತ್ತವರು ರಾತ್ರಿ ತುಂಬಿಕೊಟ್ಟಿದ್ದಾರೆ. ಹರಕೆ ಹೊತ್ತವರಿಗೆ ಭಾಷಾಸೇವೆಯ ಉದ್ದೇಶವೇನೂ ಇರಲಿಲ್ಲ. ಮಗಳ ಜ್ವರ ಬಿಡಬೇಕು ಎಂಬುದಷ್ಟೇ ಇತ್ತು.

ಇತ್ತೀಚೆಗೆ ಕಾಲಮಿತಿಯ ಆಟಗಳು ಬಂದಿವೆ. 2022ರ ತಿರುಗಾಟದಿಂದ ಕಟೀಲಿನ ಮೇಳಗಳೂ ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡತೊಡಗಿದಾಗ ಹಿರಿಯರಿಗೆ ಬಹಳ ನೋವಾಯಿತು. ಬೆಳಗಾಗದೆ ಮುಗಿದ ಆಟ ಅರ್ಧ ಉಂಡ ಊಟವೆಂಬುದು ಅವರ ಆಕ್ಷೇಪ. ನಮಗೂ ಅದು ರುಚಿಸಿಲ್ಲ. ಆದರೆ ಮರುದಿನ ಶಾಲೆಗೆ ಹೋಗುವ ಮಕ್ಕಳು ಮೊದಲಿನಿಂದ ಕೊನೆಯವರೆಗೆ ಎಚ್ಚರವಾಗಿ ಕುಳಿತದ್ದನ್ನು ನೋಡಿದ ಮೇಲೆ ಸುಮ್ಮನಾಗಿದ್ದೇವೆ.

ಹೋದ ಬೇಸಗೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಮಂತ್ರಣದ ಪತ್ರಿಕೆಯೊಂದನ್ನು ಹಿಡಿದು ಮನೆಗೆ ಬಂದಳು. ನಾವು ಮೇಲೆ ಹೇಳಿದ ಅಜ್ಜನ ಮೊಮ್ಮಗಳು. ಅವಳನ್ನು ಕೊಟ್ಟದ್ದು ಹೊಳೆಯ ತೆಂಕಣ ಕಡೆಗೆ; ಮಕ್ಕಳು ಮಲಯಾಳ ಮಾಧ್ಯಮದಲ್ಲಿ ಓದುತ್ತಾರೆ. ಪತ್ರಿಕೆ ಕನ್ನಡದಲ್ಲಿತ್ತು, ಎರಡು ಅಕ್ಷರದೋಷಗಳಿದ್ದವು. ಅವನ್ನು ನಾವು ತೋರಿಸಿದಾಗ ಅವಳು ನಕ್ಕು, 'ಮಾಷ್ಟ್ರೇ, ಅದನ್ನು ಬಿಡಿ, ನೀವು ಬೇಗ ಬನ್ನಿ. ನನ್ನ ಮಗ ಬಾಲಗೋಪಾಲನಿಂದ ತೊಡಗಿ ಎಲ್ಲವನ್ನೂ ನೋಡಬೇಕಂತೆ. ಅರ್ಥವಾಗದ್ದನ್ನು ಹೇಳಿಕೊಡಲು ಪಕ್ಕದಲ್ಲಿ ಒಬ್ಬರು ಬೇಕು. ನನಗೆ ಅಡಿಗೆಯ ಕಡೆ ನೋಡುವುದಿದೆ' ಎಂದಳು. ನಾವು ಸಂಜೆ ಆರಕ್ಕೇ ಹೋಗಿ ಹುಡುಗನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತೆವು.