ಮೆಚ್ಚುಗೆಯ ಗುರುತು, ಮನಸ್ಸಿನ ಗುಟ್ಟು

ಒಳ್ಳೆಯದನ್ನು ಕಂಡು ತಲೆದೂಗುವುದು ಮನುಷ್ಯನ ಸಹಜಗುಣ. ಹಿಂದೆ ಆ ಮೆಚ್ಚುಗೆ ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ಯಾರೂ ಬರೆದಿಡುತ್ತಿರಲಿಲ್ಲ. 2009ರ ಫೆಬ್ರವರಿಯಲ್ಲಿ ಅಮೆರಿಕದ ಫೇಸ್‌ಬುಕ್ ಸಂಸ್ಥೆ ‘ಲೈಕ್’ ಗುಂಡಿಯನ್ನು ಬಳಕೆಗೆ ತಂದಂದಿನಿಂದ ಪ್ರತಿಯೊಂದು ಮೆಚ್ಚುಗೆಯೂ ಮೆಚ್ಚಿದವರ ಹೆಸರಿನೊಡನೆ ದಾಖಲಾಗತೊಡಗಿತು. 2010ರ ಏಪ್ರಿಲ್‌ನಲ್ಲಿ ಈ ಗುಂಡಿ ಇತರ ಜಾಲತಾಣಗಳಿಗೂ ಹಬ್ಬಿತು. ಅಲ್ಲಿ ಅದನ್ನು ಒತ್ತದೆ ಪುಟವನ್ನು ತೆರೆದರೂ ಆ ಸುದ್ದಿ ಸಂಸ್ಥೆಗೆ ತಲುಪುವಂತಾಯಿತು.

ಇಷ್ಟು ಸಣ್ಣ ಗುರುತಿನಿಂದ ಏನು ತಿಳಿದೀತು? ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಮಿಖಾಲ್ ಕೊಸಿನ್‌ಸ್ಕಿ, ಡೇವಿಡ್ ಸ್ಟಿಲ್‌ವೆಲ್ ಮತ್ತು ಅವರ ಸಹಲೇಖಕ ಥೋರೆ ಗ್ರೇಪೆಲ್ 2013ರಲ್ಲಿ ಇದಕ್ಕೆ ಉತ್ತರವಿತ್ತರು. ತಾವಾಗಿ ಒಪ್ಪಿ ಮಾಹಿತಿ ನೀಡಿದ 58,000ಕ್ಕೂ ಹೆಚ್ಚು ಜನರ ಮೆಚ್ಚುಗೆಗಳನ್ನು ಅವರು ಪರಿಶೀಲಿಸಿದರು. ಒಂದೇ ಬಗೆಯ ವಸ್ತುಗಳನ್ನು ಮೆಚ್ಚಿದವರು ಬೇರೆ ವಿಷಯಗಳಲ್ಲಿಯೂ ಪರಸ್ಪರ ಹೋಲುತ್ತಾರೆಂಬುದೇ ಈ ಗಣಿತದ ತಿರುಳು. ಅಮೆರಿಕದ ಎರಡು ಪ್ರಮುಖ ಪಕ್ಷಗಳ ಬೆಂಬಲಿಗರನ್ನು ಜೋಡಿಯಾಗಿ ಮುಂದಿಟ್ಟರೆ, ಯಾರು ಯಾವ ಪಕ್ಷದವರೆಂದು ನೂರರಲ್ಲಿ 85 ಸಲ ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಸುರುಳಿಯಾಕಾರದಲ್ಲಿ ಕರಿದ ಆಲೂಗಡ್ಡೆಯ ತಿನಿಸಿಗೆ ತೋರಿದ ಮೆಚ್ಚುಗೆ ಬುದ್ಧಿಶಕ್ತಿಯ ಸೂಚನೆಗಳಲ್ಲೊಂದಾಗಿ ಕಂಡುಬಂದಿತು. ತಿನಿಸಿಗೂ ಬುದ್ಧಿಗೂ ಕಾರ್ಯಕಾರಣ ಸಂಬಂಧವಿಲ್ಲ. ಮೆಚ್ಚಿದವರಲ್ಲಿ ಅಂತಹವರು ಹೆಚ್ಚಾಗಿದ್ದರು, ಅಷ್ಟೆ. ಆದುದರಿಂದಲೇ ಯಾವ ಮೆಚ್ಚುಗೆ ಯಾವ ಗುಟ್ಟನ್ನು ಹೊರಗೆಡಹುವುದೆಂದು ಬಳಸುವವನು ಊಹಿಸಲಾರ.

2015ರ ಮತ್ತೊಂದು ಅಧ್ಯಯನವು ಸ್ವಭಾವವನ್ನು ಅರಿಯುವುದರಲ್ಲಿ ಯಂತ್ರವನ್ನು ಬಂಧುಮಿತ್ರರೊಡನೆ ಹೋಲಿಸಿತು. ಹತ್ತು ಮೆಚ್ಚುಗೆಗಳಿಂದ ಯಂತ್ರವು ಸಹೋದ್ಯೋಗಿಯನ್ನೂ, ಎಪ್ಪತ್ತರಿಂದ ಸ್ನೇಹಿತನನ್ನೂ, 150ರಿಂದ ಮನೆಯವರನ್ನೂ, 300ರಿಂದ ಬಾಳಸಂಗಾತಿಯನ್ನೂ ಮೀರಿಸಿತು.

ಅರಿವು ತಾನಾಗಿ ದೋಷವಲ್ಲ. ಅದನ್ನು ಪಡೆದ ಬಗೆ ಮತ್ತು ಬಳಸಿದ ಉದ್ದೇಶಗಳು ವಿಚಾರಾರ್ಹ. ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಒಂದರ ಮೂಲಕ ಸಂಗ್ರಹವಾದ ಮಾಹಿತಿ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ರಾಜಕೀಯ ಪ್ರಚಾರ ಸಂಸ್ಥೆಯ ಕೈಸೇರಿದ ಸಂಗತಿ 2018ರ ಮಾರ್ಚ್‌ನಲ್ಲಿ ಜಗತ್ತಿಗೆಲ್ಲ ತಿಳಿಯಿತು. ಒಬ್ಬನು ಒಪ್ಪಿದರೆ ಅವನ ಸ್ನೇಹಿತರ ಮಾಹಿತಿಯೂ ಹೋಗುವ ವ್ಯವಸ್ಥೆ ಆಗ ಇತ್ತು. ಫೇಸ್‌ಬುಕ್ ನೀಡಿದ ಲೆಕ್ಕದಂತೆ ಭಾರತದಲ್ಲಿ ಆ ಆ್ಯಪ್ ಬಳಸಿದವರು 335 ಮಂದಿ. ಮಾಹಿತಿ ಹೋಗಿರಬಹುದಾದವರು 5,62,000ಕ್ಕೂ ಹೆಚ್ಚು. ಜಗತ್ತಿನಲ್ಲಿ ಇಂತಹವರ ಸಂಖ್ಯೆ 8.7 ಕೋಟಿಯವರೆಗೆ ಇರಬಹುದೆಂದು ಸಂಸ್ಥೆ ತಿಳಿಸಿತು. 2019ರಲ್ಲಿ ಅಮೆರಿಕದ ಸರ್ಕಾರಿ ವ್ಯಾಪಾರ ಆಯೋಗವು ಫೇಸ್‌ಬುಕ್ಕಿಗೆ 500 ಕೋಟಿ ಡಾಲರ್ ದಂಡ ವಿಧಿಸಿತು.

ಇದಕ್ಕೂ ಮುನ್ನ, 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತ್ತು. ಹಕ್ಕಿನ ರಕ್ಷಣೆ ಕಾನೂನಿನ ಕೆಲಸ. ಅದರ ಬೆಲೆಯನ್ನರಿತು ನಡೆಯುವುದು ನಮ್ಮ ಕೆಲಸ. ಕೊಡದ ವಸ್ತುವನ್ನು ತೆಗೆದುಕೊಳ್ಳಬಾರದೆಂದು ಮಕ್ಕಳಿಗೆ ಬೋಧಿಸುವ ನಾವು, ಆ 335 ಮಂದಿಯಂತೆ ನೆರೆಯವರ ಮಾಹಿತಿಯನ್ನು ಅರಿಯದೆಯೇ ಪರರ ಕೈಗೆ ಒಪ್ಪಿಸಬಾರದೆಂಬುದನ್ನೂ ಕಲಿಸಬೇಕಾಗಿದೆ.