ಬರದ ಕೂಲಿಯಿಂದ ಬಾಳಿನ ಹಕ್ಕಿಗೆ

ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂಬ ಮಾತನ್ನು ವಿಜಾಪುರ ಸೀಮೆಯ ತಾವೆಲ್ಲ ಕೇಳಿದ್ದೀರಿ. ಡೋಣಿ ಬೆಳೆಯದ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಡವನಿಗೆ ದಿಕ್ಕು ಯಾರು? ಈ ಪ್ರಶ್ನೆಗೆ ಸರಕಾರಗಳು ಕೊಟ್ಟ ಉತ್ತರಗಳ ಚರಿತ್ರೆಯನ್ನರಿತರೆ ಪಡಿತರ ಚೀಟಿಯ ನಿಜವಾದ ಬೆಲೆ ತಿಳಿದೀತು.

1876ರಲ್ಲಿ ಮಳೆ ಕೈಕೊಟ್ಟಿತು. ಆಗ ಈ ನಾಲ್ಕೂ ತಾಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದುವು. ಸರಕಾರ ಬರಗಾಲದ ಕಾಮಗಾರಿಗಳನ್ನು ತೆರೆಯಿತು, ನಿಜ. ಆದರೆ 1877ರ ಮೊದಲಲ್ಲಿ, ಖರ್ಚು ಹೆಚ್ಚಾದೀತೆಂದು, ಸರ್ ರಿಚರ್ಡ್ ಟೆಂಪಲ್ಲರ ಸಲಹೆಯಂತೆ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಒಂದಾಣೆಗೆ ಇಳಿಸಲಾಯಿತು. ಒಂದು ಪೌಂಡೆಂದರೆ ಅರ್ಧ ಕಿಲೋ ಕೂಡ ಅಲ್ಲ! ಪ್ರಾಂತದಲ್ಲಿ ಸಾವಿರಾರು ಜನ ಕೆಲಸ ಬಿಟ್ಟು ನಡೆದರು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಕುಗ್ಗಿತು.

ಅದೇ ಅರಸೊತ್ತಿಗೆಯ ಕೆಳಗಿದ್ದ ಐರ್ಲೆಂಡಿನ ಕಥೆಯೂ ಬೇರೆಯಲ್ಲ. ಅಲ್ಲಿ 1838ರ ಬಡವರ ಕಾಯಿದೆ ನೆರವನ್ನು ಬಡವರ ದುಡಿಮೆಮನೆಯ ಗೋಡೆಯೊಳಗೆ ಮಾತ್ರ ಕೊಡುತ್ತಿತ್ತು. 1845ರಿಂದ ಆಲೂಗಡ್ಡೆಯ ಬೆಳೆ ಕೊಳೆತು ಘೋರ ಕ್ಷಾಮ ಬಂದಿತು. ಕಾಲು ಎಕರೆಗಿಂತ ಹೆಚ್ಚು ನೆಲವುಳ್ಳವನು ಅದನ್ನು ಬಿಟ್ಟುಕೊಟ್ಟರೆ ಮಾತ್ರ ನೆರವೆಂದು 1847ರಲ್ಲಿ ವಿಧಿಸಿದರು. ಎಪ್ಪತ್ತು ದಾಟಿದ ಬಡ ಮುದುಕರಿಗೆ ಮನೆಯಲ್ಲಿದ್ದೇ ಪಿಂಚಣಿ ದೊರೆಯತೊಡಗಿದ್ದು 1909ರಲ್ಲಿ.

ನಮ್ಮಲ್ಲಿ 1880ರ ಕ್ಷಾಮ ಆಯೋಗದ ವರದಿಯಿಂದ ಬರಗಾಲದ ನಿಯಮಾವಳಿಗಳು ಹುಟ್ಟಿದುವು. ಅವು ಜನರನ್ನು ವಿಂಗಡಿಸಿ ನೋಡಿದುವು: ಗಟ್ಟಿಮುಟ್ಟಾದವರಿಗೆ ಕೆಲಸ, ಮುದುಕರು, ರೋಗಿಗಳು, ಅನಾಥರಿಗೆ ಧರ್ಮಾರ್ಥ ನೆರವು. ಒಳ್ಳೆಯ ಏರ್ಪಾಡೇ ಸರಿ. ಆದರೆ ಬರ ಬಿದ್ದಾಗ ತೆರೆದ ಕಡತ ಮಳೆ ಬಂದೊಡನೆ ಮುಚ್ಚುತ್ತಿತ್ತು. ದಿಕ್ಕಿಲ್ಲದ ಮುದುಕಿಗೆ ಮಳೆಯಾದ ವರ್ಷವೂ ಹಸಿವು ತಪ್ಪದಷ್ಟೆ?

ಸ್ವತಂತ್ರ ಭಾರತದಲ್ಲಿ ಆ ಕಡತ ಬರವಿಲ್ಲದ ದಿನಗಳಿಗೂ ತೆರೆಯಿತು. 1995ರಲ್ಲಿ ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರಕಾರವೂ ಕೈಗೂಡಿಸಿತು. 2002ರಲ್ಲಿ ಶಾಲೆಯ ಮಕ್ಕಳಿಗೆ ಬಿಸಿಯೂಟ ನೀಡುವ ಅಕ್ಷರ ದಾಸೋಹ ಮೊದಲು ಆರಂಭವಾದ ಉತ್ತರದ ಜಿಲ್ಲೆಗಳಲ್ಲಿ ನಮ್ಮದೂ ಒಂದು. 2005ರ ಕಾಯಿದೆ ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸವನ್ನು ಕೇಳಿ ಪಡೆಯುವ ಅಧಿಕಾರ ಕೊಟ್ಟಿತು. 2013ರ ಆಹಾರ ಭದ್ರತಾ ಕಾಯಿದೆ ಆದ್ಯತಾ ಕುಟುಂಬದಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಹಕ್ಕಾಗಿಸಿತು.

ದುಡಿಯಬಲ್ಲವನಿಗೆ ಕಾಯಕ, ಹಸಿದವನಿಗೆ ದಾಸೋಹ: ಬಾಗೇವಾಡಿಯ ನೆಲಕ್ಕೆ ಈ ಎರಡು ಮಾತುಗಳು ಹೊಸವಲ್ಲ. ನಾಳೆ ತಮ್ಮ ಓಣಿಯ ಮುದುಕಿ ಪಡಿತರದ ಸಾಲಿನಲ್ಲಿ ನಿಂತದ್ದನ್ನು ಕಂಡರೆ, ಬೇಡಲು ಬಂದಳೆನ್ನಬೇಡಿ. ಒಂದು ಪೌಂಡು ಧಾನ್ಯಕ್ಕೆ ಕಲ್ಲೊಡೆದವರ ಮೊಮ್ಮಗಳು ತನ್ನ ಪಾಲು ಪಡೆಯಲು ಬಂದಿದ್ದಾಳೆ.