ಕೊಪ್ಪಳ ಆಟಿಕೆ ಕ್ಲಸ್ಟರ್

ಕೊಪ್ಪಳ ಆಟಿಕೆ ಕ್ಲಸ್ಟರ್: ಕೊಪ್ಪಳ ಜಿಲ್ಲೆಯ ಭಾನಾಪುರದ ಬಳಿ ಸುಮಾರು 400 ಎಕರೆ ವಿಸ್ತೀರ್ಣದಲ್ಲಿ ಯೋಜಿತವಾದ, ಆಟಿಕೆಗಳ ಉತ್ಪಾದನೆಗೆ ಮೀಸಲಾದ ವಿಶೇಷ ಕೈಗಾರಿಕಾ ಪ್ರದೇಶ. ಇದರ ಪ್ರವರ್ತಕರು, ಯುರೋಪಿನ ಏರ್‌ಬಸ್‌ಗೆ ವಿಮಾನದ ಬಿಡಿಭಾಗಗಳನ್ನು ಪೂರೈಸುವ, ಬೆಳಗಾವಿಯಲ್ಲಿ ಕಾರ್ಖಾನೆಗಳುಳ್ಳ ಏಕಸ್ ಸಂಸ್ಥೆಯವರು.

ಹಿನ್ನೆಲೆ: ಭಾರತದ ಆಟಿಕೆ ಮಾರುಕಟ್ಟೆಯು ದೀರ್ಘಕಾಲ ಚೀನದ ಆಮದನ್ನೇ ಅವಲಂಬಿಸಿದ್ದುದರಿಂದ, ಕೇಂದ್ರ ಸರ್ಕಾರವು 2020ರಲ್ಲಿ ಆಟಿಕೆಗಳ ಮೇಲಣ ಸುಂಕವನ್ನು ಶೇ. 20ರಿಂದ 60ಕ್ಕೇರಿಸಿ, 2021ರ ಜನವರಿ 1ರಿಂದ ಗುಣಮಟ್ಟದ ಪ್ರಮಾಣೀಕರಣವನ್ನು ಕಡ್ಡಾಯಗೊಳಿಸಿತು. ಅದೇ ತಿಂಗಳು ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಕ್ಲಸ್ಟರಿಗೆ ಶಂಕುಸ್ಥಾಪನೆ ನೆರವೇರಿಸಿದರು. 2023ರಲ್ಲಿ ಸುಂಕವು ಶೇ. 70ಕ್ಕೇರಿತು.

ಸ್ವರೂಪ: ಅಚ್ಚು ತಯಾರಿಕೆ, ಪ್ಲಾಸ್ಟಿಕ್ ಎರಕ, ಬಣ್ಣಗಾರಿಕೆ, ಜೋಡಣೆ, ಪ್ಯಾಕಿಂಗ್ ಮೊದಲಾದ ಕಾರ್ಯಗಳನ್ನು ಚೀನದ ಕೈಗಾರಿಕಾ ವಲಯಗಳಲ್ಲಿರುವಂತೆ ಒಂದೇ ಆವರಣದಲ್ಲಿ ಒಗ್ಗೂಡಿಸುವುದು ಇದರ ಮೂಲತತ್ತ್ವ. ಇದೇ ಜಿಲ್ಲೆಯ ಕಿನ್ನಾಳದಲ್ಲಿ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮರದ ಗೊಂಬೆಗಳ ಕಸುಬು ವಿಜಯನಗರ ಕಾಲದಿಂದ ಬಂದುದೆಂಬ ಪ್ರತೀತಿಯುಂಟು. ಕ್ಲಸ್ಟರಾದರೋ ಯಂತ್ರೋತ್ಪಾದನೆಯನ್ನು ಆಶ್ರಯಿಸಿದುದು.

ಮಹತ್ತ್ವ: ಯುರೋಪಿಯನ್ ಒಕ್ಕೂಟವು 2019ರಲ್ಲಿ ಚೀನವನ್ನು ಸಹಭಾಗಿ, ಆರ್ಥಿಕ ಪ್ರತಿಸ್ಪರ್ಧಿ ಹಾಗೂ ವ್ಯವಸ್ಥಾತ್ಮಕ ಎದುರಾಳಿಯೆಂದು ಏಕಕಾಲಕ್ಕೆ ನಿರೂಪಿಸಿ, 2023ರಿಂದ ಚೀನದೊಡನೆ ಸಂಬಂಧವನ್ನು ಕಡಿದುಕೊಳ್ಳದೆ ಅವಲಂಬನೆಯ ಅಪಾಯವನ್ನು ತಗ್ಗಿಸುವ ನೀತಿಯನ್ನು ಅನುಸರಿಸುತ್ತಿದೆ. ಒಕ್ಕೂಟದ ಆಟಿಕೆ ಆಮದಿನ ಬಹುಭಾಗವು ಚೀನದಿಂದಲೇ ಬರುವುದರಿಂದ, ಪರ್ಯಾಯ ಪೂರೈಕೆಯ ಮೂಲಗಳನ್ನು ನಿರ್ಮಿಸುವ ಪ್ರಯತ್ನಗಳಲ್ಲಿ ಈ ಕ್ಲಸ್ಟರು ಕರ್ನಾಟಕದ ಪ್ರಮುಖ ನಿದರ್ಶನವಾಗಿದೆ.